ಕಾಣದ ಜೀವಕ್ಕೂ ದಯೆ ಸಲ್ಲಬೇಕೆ?



ಅಹಿಂಸೆಯೇ ಜೈನಧರ್ಮದ ಪ್ರಾಣ. ಕಣ್ಣೆದುರಿನ ಇರುವೆಯನ್ನು ತುಳಿಯದೆ ದಾಟುವುದು ಕಠಿಣವಲ್ಲ. ಆದರೆ ಭೂಗರ್ಭದ ನೀರಿನಲ್ಲಿದ್ದು ಎಂದೂ ಕಣ್ಣಿಗೆ ಬೀಳದ ಜೀವದ ವಿಷಯದಲ್ಲಿ ಶ್ರಾವಕನ ಕರ್ತವ್ಯವೇನು?

ಕಾಶಿಯು ಭಗವಾನ್ ಪಾರ್ಶ್ವನಾಥರ ಜನ್ಮಭೂಮಿ. ಅದೇ ಕಾಶಿಯ ಬಾವಿಗಳಲ್ಲಿ ದೊರೆತ ಪುಟ್ಟ ಜೀವಿಯೊಂದಕ್ಕೆ 1950ರಲ್ಲಿ ಚೋಪ್ರಾ ಮತ್ತು ತಿವಾರಿ ಎಂಬ ಪ್ರಾಣಿಶಾಸ್ತ್ರಜ್ಞರು ಆ ಕ್ಷೇತ್ರದ ಹೆಸರನ್ನೇ ಸೇರಿಸಿ 'ನಿಕೋಲ್ಸಿಯಾ ಕಾಶಿಯೆನ್ಸ್' ಎಂದು ನಾಮಕರಣ ಮಾಡಿದರು. ಸಿಗಡಿ, ಏಡಿಗಳ ಬಳಗದ ಈ ಜೀವಿಗೆ ಕಣ್ಣಿಲ್ಲ, ಮೈಗೆ ಬಣ್ಣವಿಲ್ಲ. ನಡೆಯಲು ಏಳು ಜೊತೆ ಕಾಲುಗಳಿವೆ. ಕತ್ತಲೆಯ ನೀರಿನಲ್ಲಿ ಮೀಸೆಗಳಿಂದ ತಡವಿಕೊಂಡೇ ಅದರ ಬಾಳು. ಇದರ ಬಂಧುವಾದ 'ಆಂಧ್ರಕಾಯ್ಡಿಸ್' ಎಂಬ ಕುಲವನ್ನು 2011ರಲ್ಲಿ ಆಂಧ್ರದ ಗುಹಾಜಲದಿಂದ ವರ್ಣಿಸಲಾಯಿತು. ದೂರದ ಆಸ್ಟ್ರೇಲಿಯಾದ ಅಂತರ್ಜಲದಲ್ಲಿಯೂ ಇವುಗಳ ನೆಂಟರಿದ್ದಾರೆ. ಆ ಭೂಖಂಡವೂ ನಮ್ಮ ನೆಲವೂ ಒಂದಾಗಿದ್ದ ಕಾಲದ, ಹತ್ತು ಕೋಟಿ ವರ್ಷಗಳಿಗೂ ಹಿಂದಿನ ವಂಶವಿದು.

1950ಕ್ಕೆ ಮೊದಲು ಆ ಜೀವಿಗೆ ಹೆಸರಿರಲಿಲ್ಲ, ಜೀವವಂತೂ ಇದ್ದೇ ಇತ್ತು. ಉರಿಯುವ ಕೊರಡಿನೊಳಗಿನ ನಾಗಯುಗಲವನ್ನು ಪಾರ್ಶ್ವಕುಮಾರರು ಅರಿತರು. ಬೆಂಕಿ ಹಚ್ಚಿದ ತಪಸ್ವಿಗೆ ಕಂಡದ್ದು ಬರಿಯ ಕಟ್ಟಿಗೆ. ಕಾಣಲಿಲ್ಲವೆಂಬ ಕಾರಣಕ್ಕೆ ನಾಗಗಳ ವೇದನೆ ಕಡಿಮೆಯಾದೀತೆ?

"ತಿಳಿಯದೆ ಆದದ್ದಕ್ಕೆ ದೋಷವೇನು?" ಎಂದು ಕೆಲವರು ಕೇಳುವರು. ಪ್ರಮಾದದಿಂದ ಪ್ರಾಣಹರಣ ಮಾಡುವುದೇ ಹಿಂಸೆಯೆಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ತಿಳಿಸಿದ್ದಾರೆ. ತಿಳಿಯದವನ ಮಾತು ಬೇರೆ. ತಿಳಿದ ಮೇಲೂ ಎಚ್ಚರ ತಪ್ಪುವುದು ಪ್ರಮಾದವೇ. ಸಾಲಗಾರನು ಎದುರಿಗಿಲ್ಲವೆಂದು ಪ್ರಾಮಾಣಿಕ ವ್ಯಾಪಾರಿಯು ಅವನ ಬಾಕಿಯನ್ನು ಖಾತೆಯಿಂದ ಅಳಿಸುವುದಿಲ್ಲ. ತಾನು ಕೊಡಬೇಕಾದುದನ್ನಂತೂ ಎಂದಿಗೂ ಅಳಿಸಲಾರನು.

ಬಾವಿ ಎನ್ನಿರಿ, ವಿಹೀರ ಎನ್ನಿರಿ, ಕುವಾ ಎನ್ನಿರಿ, ಹಿರಿಯರ ಆಚಾರ ಎಲ್ಲ ಭಾಷೆಗಳಲ್ಲಿಯೂ ಒಂದೇ. ಎರಡು ಪದರಿನ ಬಟ್ಟೆಯಲ್ಲಿ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಅದೇ ಬಾವಿಗೆ ಮೆಲ್ಲನೆ ಇಳಿಸುವುದೇ ಜೀವಾಣಿ. ಸೋಸುವುದು ನಮ್ಮ ಆರೋಗ್ಯಕ್ಕಾಯಿತು. ಮರಳಿ ಬಿಡುವುದು ಆ ಜೀವದ ಸಲುವಾಗಿ. ದಯೆ ಇರುವುದು ಈ ಎರಡನೆಯದರಲ್ಲಿ.

ಇಂದು ಉಮರ್ಗಾ, ನಿಲಂಗಾ, ಉದಗೀರಗಳ ಕಪ್ಪುಕಲ್ಲಿನ ನೆಲವನ್ನು ನೂರಾರು ಅಡಿ ಕೊರೆದು ನೀರೆತ್ತಲಾಗುತ್ತಿದೆ. ಬಂಡೆಯ ಬಿರುಕುಗಳಲ್ಲಿ ನಿಲ್ಲುವ ನೀರೇ ಇಲ್ಲಿಯ ಆಧಾರ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಬೋರ್‌ವೆಲ್ಲಿನ ಕಿರಿದಾದ ಕೊಳವೆಯಲ್ಲಿ ಪಂಪು ಎಳೆದುಕೊಂಡ ಜೀವವನ್ನು ಮರಳಿ ತವರಿಗೆ ಕಳುಹಿಸುವ ದಾರಿಯಿಲ್ಲ. ಜೀವಾಣಿಯು ಅಸಾಧ್ಯವಾದಲ್ಲಿ ಉಳಿಯುವ ಧರ್ಮವೊಂದೇ: ಬೇಕಾದಷ್ಟೇ ಎತ್ತುವುದು.

ಹಳೆಯ ಬಾವಿಯನ್ನು ಕಸದ ಗುಂಡಿಯಾಗಿಸದಿರೋಣ. ಕೀಟನಾಶಕದ ಡಬ್ಬಿಗಳನ್ನು ಅದರ ಬಳಿ ತೊಳೆಯದಿರೋಣ. ಉತ್ಸವದ ಭೋಜನಶಾಲೆಯಲ್ಲಿ ಲೋಟ ತುಂಬ ನೀರು ತೆಗೆದುಕೊಂಡು ಅರ್ಧ ಚೆಲ್ಲುವ ಕೈಯನ್ನು ತಡೆಯೋಣ. ನಮ್ಮನ್ನು ಎಂದೂ ಕಾಣದ, ನಾವೂ ಎಂದೂ ಕಾಣದ ಜೀವಕ್ಕೆ ತೋರುವ ದಯೆಗೆ ಹೊಗಳುವವರಿಲ್ಲ. ಆದ್ದರಿಂದಲೇ ಅದು ನಿರ್ಮಲ.

ಜೈ ಜಿನೇಂದ್ರ.