ಮೊನ್ನೆ ಎಷ್ಟಿತ್ತು?

ಅವ್ವನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ, ಊರಿಂದ ಬೈರಿದೇವರಕೊಪ್ಪದ ನಮ್ಮ ಬಾಡಿಗೆ ಮನೆಗೆ ಕರಕೊಂಡು ಬಂದೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಸರಳ: ಕೈ ಎತ್ತು, ಇಳಿಸು, ಮತ್ತೆ ಎತ್ತು. ಪೆಟ್ಟು ತಿಂದ ಮೆದುಳು ಹೊಸ ದಾರಿ ಹುಡುಕಿಕೊಳ್ಳುವುದೇ ಹಾಗೆ, ಮಾಡಿದ್ದನ್ನೇ ಮಾಡಿ ಮಾಡಿ. ಆದರೆ ಇಪ್ಪತ್ತಕ್ಕೇ ಅವ್ವ "ಸಾಕ್ ಬಿಡಪಾ, ಬ್ಯಾಸರ ಬರ್ತೈತಿ" ಅನ್ನುತ್ತಿದ್ದಳು.

ಕೋಡ್ ಬರೆದು ಹೊಟ್ಟೆ ಹೊರೆಯುವವ ನಾನು. ಇದನ್ನೇ ಒಂದು ಆಟ ಮಾಡಿದರಾಯ್ತು ಅನ್ನಿಸಿತು. ಹೊಸ ಯೋಚನೆಯೇನಲ್ಲ. 2006ರಲ್ಲಿ ನಿಂಟೆಂಡೊ ವೀ, 2010ರಲ್ಲಿ ಕಿನೆಕ್ಟ್ ಬಂದ ಮೇಲೆ ಫಿಸಿಯೋಥೆರಪಿಯಲ್ಲಿ ಇಂಥ ಆಟಗಳನ್ನು ಬಳಸಿ ನೋಡಿದ್ದಾರೆ. ಈಗ ಬೇರೆ ಯಂತ್ರವೂ ಬೇಡ. ಗೂಗಲ್‌ನ ಮೀಡಿಯಾಪೈಪ್ ಮೊಬೈಲ್ ಕ್ಯಾಮೆರಾದಿಂದಲೇ ಮೈಮೇಲಿನ 33 ಬಿಂದುಗಳನ್ನು ಗುರುತಿಸುತ್ತದೆ. ಭುಜ, ಮೊಣಕೈ, ಮಣಿಕಟ್ಟು ಸಿಕ್ಕರೆ ಕೈ ಎಷ್ಟು ಎದ್ದಿತೆಂದು ಅಂದಾಜು ಹಾಕಬಹುದು. ಹತ್ತಿ ಬಿಡಿಸುವ ಆಟ ಮಾಡಿದೆ. ಟಿವಿಯಲ್ಲಿ ಹತ್ತಿ ಗಿಡ. ಅವ್ವನ ಕೈ ಮುಟ್ಟಿದರೆ ಹತ್ತಿ ಚೀಲಕ್ಕೆ.

ಮೊದಲ ವಾರ ಒಂದೂ ಸಿಗಲಿಲ್ಲ. ಬರೀ ಸೋಲುವ ಆಟ ಯಾರು ಆಡ್ತಾರೆ? ಕೋಡಿನಲ್ಲಿ ಒಂದು ಸಾಲು ಬದಲಿಸಿದೆ: ಅವ್ವನ ಕೈ 20 ಡಿಗ್ರಿ ಎದ್ದರೆ ಪರದೆಯ ಮೇಲೆ 40. ಚೀಲ ತುಂಬತೊಡಗಿತು. ಇಪ್ಪತ್ತಕ್ಕೇ ಬೇಸರಪಡುತ್ತಿದ್ದವಳು ಇನ್ನೂರು ಸಲ ಎತ್ತಿದಳು. ಪಕ್ಕದ ಮನೆಯವರಿಗೆ "ನನ್ ಕೈ ಬಂತವ್ವಾ" ಅಂದಳು. ನಾನು ಸುಮ್ಮನಿದ್ದೆ.

ಒಂದು ಮುಂಜಾನೆ ಒಲೆಯ ಮೇಲಿನ ಚಹಾದ ಬೋಗುಣಿಗೆ ಬಲಗೈ ಹಾಕಿದಳು. ಬೋಗುಣಿ ಜಾರಿ ಬಿಸಿ ಚಹಾ ಪಾದದ ಮೇಲೆ ಬಿತ್ತು. ಗುಳ್ಳೆ ಎದ್ದವು, ಕೆಲ ದಿನಕ್ಕೆ ಮಾಯ್ದವು. ಆದರೆ ಅವಳು ಅವತ್ತು ನಂಬಿದ್ದು ನಾನು ಬದಲಿಸಿದ ಆ ಒಂದು ಸಾಲನ್ನು.

ಹಾಗಾದರೆ ಅದು ಮೋಸವಾ? ಅದಿಲ್ಲದಿದ್ದರೆ ಅವ್ವ ಇನ್ನೂರು ಸಲ ಕೈ ಎತ್ತುತ್ತಲೇ ಇರಲಿಲ್ಲವಲ್ಲ!

ಚಿಕ್ಕವನಿದ್ದಾಗ ಹತ್ತಿ ಹೊಲದಲ್ಲಿ ಅವ್ವ ತನ್ನ ಉಡಿಯಿಂದ ಎರಡು ಹಿಡಿ ತೆಗೆದು ನನ್ನ ಚೀಲಕ್ಕೆ ಹಾಕುತ್ತಿದ್ದಳು. ಹಾಕುತ್ತಿದ್ದದ್ದು ನನ್ನ ಕಣ್ಣೆದುರಿಗೇ. ನನ್ನದೆಷ್ಟು, ಅವಳದೆಷ್ಟು ಅಂತ ನನಗೆ ಗೊತ್ತಿರುತ್ತಿತ್ತು. ಆದರೂ ಹುರುಪು ಬರುತ್ತಿತ್ತು. ನಾನೂ ಅದನ್ನೇ ಮಾಡಿದ್ದೆ, ಆದರೆ ಅವಳಿಗೆ ಗೊತ್ತಾಗದ ಹಾಗೆ. ಕೈ ಹಿಡಿದು ಎತ್ತುವುದು ತಪ್ಪಲ್ಲ. ಎಷ್ಟು ಎತ್ತಿಕೊಟ್ಟೆ ಅನ್ನುವುದನ್ನು ಮುಚ್ಚಿಟ್ಟದ್ದು ತಪ್ಪು. ಆ ಕೈಯಿಂದ ಬದುಕು ಮಾಡಬೇಕಾದವಳಿಗೆ ಅದರ ನಿಜವಾದ ಅಳತೆ ಗೊತ್ತಿರಬೇಕು.

ಎಲ್ಲ ಹೇಳಿಬಿಟ್ಟೆ. ಪರದೆಯಲ್ಲಿ ಈಗ ಎರಡು ಅಂಕಿ: ಚೀಲದಲ್ಲಿನ ಹತ್ತಿ, ಮತ್ತು ಕೈ ನಿಜಕ್ಕೂ ಎದ್ದ ಡಿಗ್ರಿ. ಅದನ್ನು ನೋಡಿ ಅವ್ವ ಎರಡು ದಿನ ಆಡಲಿಲ್ಲ. ಹಳೇ ಕೋಡನ್ನೇ ಮತ್ತೆ ಹಾಕಿಬಿಡಲಾ ಅಂತ ಆ ಎರಡೂ ರಾತ್ರಿ ಒದ್ದಾಡಿದೆ. ಮೂರನೇ ಸಂಜೆ ತಾನೇ ಬಂದು ಟಿವಿ ಮುಂದಿನ ಕುರ್ಚಿಯಲ್ಲಿ ಕೂತಳು.

"ಮೊನ್ನೆ ಎಷ್ಟಿತ್ತಪಾ ನಂದು, ಖರೇ ಖರೇ?"

"ಇಪ್ಪತ್ತೆರಡು."

"ಹಚ್ಚು ಹಂಗಾರ."