ಬೇಡ ಅಂದವನ ಬಾಗಿಲಲ್ಲಿ

ಧಾರವಾಡದಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಎರಡು ವರ್ಷದಿಂದ ಅವನ ಬಾಯಲ್ಲಿ ಒಂದೇ ಮಾತು: “ಬಿಡಪಾ, ಏನ್ ಮಾಡಿದ್ರೂ ಅಷ್ಟ.” ಕೆಲಸದ ಸುದ್ದಿ ತೆಗೆದರೂ ಅಷ್ಟ, ಅಣ್ಣನ ಮಗಳು ಪಾಸಾದ ಸುದ್ದಿ ತೆಗೆದರೂ ಅಷ್ಟ. ಮಳೆ ಚೆನ್ನಾಗಿ ಬಂತು ಅಂದರೆ, “ಬೆಳಿ ಕೊಳೀತೈತಿ ನೋಡು.” ತಾಯಿ ಹೋದ ಮೇಲೆ ಒಬ್ಬನೇ ಇದ್ದಾನೆ. ನಿದ್ದೆಯಿಲ್ಲ, ಊಟ ಅರ್ಧಂಬರ್ಧ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಮುಖ ಬಿಗಿದುಕೊಳ್ಳುತ್ತದೆ. “ನನಗೇನ್ ಹುಚ್ಚ ಹಿಡದೈತೇನು?” ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ, ಡಿಮ್ಹಾನ್ಸ್, ಅವನ ಊರಲ್ಲೇ ಇದೆ. ಮನೆಯಿಂದ ಆಟೋ ಹಿಡಿದರೆ ಎಷ್ಟೂ ದೂರವಲ್ಲ. ಅಷ್ಟು ದಾರಿಯನ್ನು ಎರಡು ವರ್ಷದಲ್ಲಿ ಸವೆಸಲು ನಮ್ಮಿಂದಾಗಿಲ್ಲ.

ಬೇಡ ಅಂದವನಿಗೆ ಗೆಳೆಯನಾದವನು ಏನು ಮಾಡಬೇಕು? ಕೇಳಿದವರೆಲ್ಲ ನನಗೆ ಎರಡರಲ್ಲಿ ಒಂದು ಉತ್ತರ ಕೊಟ್ಟಿದ್ದಾರೆ. ಕೆಲವರು, ‘ಅದು ಅವನ ಮಾತಲ್ಲ, ಕಾಯಿಲೆ ಆಡಿಸುವ ಮಾತು, ಕಿವಿಗೆ ಹಾಕಿಕೊಳ್ಳಬೇಡ, ಎಳೆದುಕೊಂಡು ಹೋಗು’ ಅಂದರು. ಇನ್ನು ಕೆಲವರು, ‘ಅವನಿಗೇ ಬೇಡವಾದ ಮೇಲೆ ನೀನೇನು ಮಾಡೋಕಾಗುತ್ತೆ, ಬಿಟ್ಟುಬಿಡು’ ಅಂದರು. ಮೊದಲನೆಯದನ್ನು ಒಂದು ವರ್ಷ ಮಾಡಿದೆ. ಎರಡನೆಯದನ್ನೂ ಮೂರು ತಿಂಗಳು ಮಾಡಿದ್ದೇನೆ. ಎರಡೂ ತಪ್ಪು ಎಂದು ಈಗ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಕಾಯಿಲೆಯ ಮಾತು ಅನ್ನುವುದರಲ್ಲಿ ಒಂದಂಶ ನಿಜವಿದೆ. ಖಿನ್ನತೆಗೆ ಒಳಗಾದವರ ಯೋಚನೆ ಮೂರು ಕಡೆಗೆ ಕಪ್ಪಾಗುತ್ತದೆ ಎಂದು ಅಮೆರಿಕದ ಮನೋವೈದ್ಯ ಆರನ್ ಬೆಕ್ ಗುರುತಿಸಿದ್ದರು: ತನ್ನ ಬಗ್ಗೆ, ಸುತ್ತಲಿನ ಲೋಕದ ಬಗ್ಗೆ, ನಾಳೆಯ ಬಗ್ಗೆ. ನಾನು ಕೆಲಸಕ್ಕೆ ಬಾರದವನು, ಯಾರಿಂದಲೂ ಏನೂ ಆಗುವುದಿಲ್ಲ, ಮುಂದೂ ಹೀಗೇ. ಈ ಮೂರನ್ನೂ ಮನಸಾರೆ ನಂಬಿದವನು ಡಾಕ್ಟರ ಬಾಗಿಲಲ್ಲಿ ಚೀಟಿ ಹಿಡಿದು ಯಾಕೆ ಕೂರಬೇಕು? ನಾವು ಹಟ ಎಂದು ಕರೆಯುವುದು ಅವನ ಲೆಕ್ಕದಲ್ಲಿ ಸರಿಯಾಗಿ ಬಿದ್ದ ಉತ್ತರ. ಆದ್ದರಿಂದಲೇ ವಾದ ಮಾಡಿ ಅವನನ್ನು ಗೆಲ್ಲಲಾಗುವುದಿಲ್ಲ. ಅವನ ಒಂದೊಂದು ‘ಅಷ್ಟ’ಕ್ಕೂ ನಾನು ಒಂದೊಂದು ‘ಹಂಗಲ್ಲೋ’ ಹೇಳುತ್ತಿದ್ದೆ. ಆ ದಿನಗಳನ್ನು ಈಗ ನೆನೆದರೆ, ನಾನು ಕಾಪಾಡುತ್ತಿದ್ದುದು ನನ್ನ ಭರವಸೆಯನ್ನೇ ಇರಬೇಕು ಅನ್ನಿಸುತ್ತದೆ. ಅವನ ಕತ್ತಲು ನನಗೆ ಹತ್ತೀತು ಎಂಬ ಹೆದರಿಕೆ ನನಗಿತ್ತು.

ಆದರೆ ಎಲ್ಲವನ್ನೂ ಕಾಯಿಲೆಯ ತಲೆಗೆ ಕಟ್ಟಿದರೆ ಮನುಷ್ಯನೇ ಮಾಯವಾಗುತ್ತಾನೆ. ಒಮ್ಮೆ ಅವನು, “ನೀ ಬಂದಾಗೆಲ್ಲಾ ಅದನ್ನ ಹೇಳ್ತಿ. ನನ್ನ ನೋಡಾಕ ಬರ್ತಿಯೋ, ರೋಗ ನೋಡಾಕೋ?” ಎಂದು ಕೇಳಿದ. ಅದು ಕಾಯಿಲೆಯ ಮಾತಲ್ಲ. ಇಪ್ಪತ್ತೈದು ವರ್ಷದ ಗೆಳೆಯ ಆಡಿದ ನಿಜ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ವಿಷಯದಲ್ಲಿ ನನಗಿಂತ ಜಾಣತನ ತೋರಿಸಿದೆ. ಚಿಕಿತ್ಸೆಯ ಬಗ್ಗೆ ಒಬ್ಬರ ತೀರ್ಮಾನ ಬೇರೆಯವರಿಗೆ ತಪ್ಪಾಗಿ ಕಂಡಿತು ಎಂಬ ಒಂದೇ ಕಾರಣಕ್ಕೆ, ಅವರಿಗೆ ತೀರ್ಮಾನಿಸುವ ಶಕ್ತಿಯಿಲ್ಲ ಎನ್ನುವಂತಿಲ್ಲ ಎಂದು ಅದರ ನಾಲ್ಕನೇ ಸೆಕ್ಷನ್ ಹೇಳುತ್ತದೆ.

ಹಾಗೆಂದು ಬಿಟ್ಟುಬಿಡುವುದೇ? ಆ ಮೂರು ತಿಂಗಳು ನಾನು ಫೋನ್ ಮಾಡಲಿಲ್ಲ. ‘ಅವನ ಇಷ್ಟ’ ಎಂದು ನನಗೆ ನಾನೇ ಹೇಳಿಕೊಂಡೆ, ಹೇಳಿಕೊಂಡಾಗ ಹಾಯೆನಿಸಿತು. ಆ ಹಾಯೇ ನನ್ನನ್ನು ಆಮೇಲೆ ಚುಚ್ಚಿತು. ನನ್ನ ದಣಿವಿಗೆ ಅವನ ಸ್ವಾತಂತ್ರ್ಯದ ಹೆಸರು ಇಟ್ಟಿದ್ದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆಯಿರುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅಷ್ಟೂ ಜನ ಕೂತು ಯೋಚಿಸಿ ‘ಬೇಡ’ ಅಂದವರೇನಲ್ಲ. ಜನ ಏನಂದಾರು, ಗುಳಿಗೆ ಶುರುಮಾಡಿದರೆ ಜನ್ಮಪೂರ್ತಿ ಬಿಡಲಾಗದು, ದುಡ್ಡೆಲ್ಲಿಂದ ತರೋಣ ಎಂಬ ಎಷ್ಟೋ ಹೆದರಿಕೆಗಳು ಒಂದು ‘ಬ್ಯಾಡ’ದ ಒಳಗೆ ಸೇರಿರುತ್ತವೆ.

ಮೂರು ತಿಂಗಳಾದ ಮೇಲೆ ಹೋದಾಗ ಬಾಗಿಲ ಕೆಳಗೆ ತೂರಿಸಿದ ಲೈಟ್ ಬಿಲ್ಲುಗಳು ಹಾಗೇ ಬಿದ್ದಿದ್ದವು. ಅಂದು ನನ್ನ ಗಾಡಿಯ ಮೇಲೆ ಬಿಳಿಜೋಳದ ಚೀಲವಿತ್ತು. ಏನು ಮಾತಾಡಬೇಕೆಂದು ತಿಳಿಯದೆ, “ಗಿರಣಿಗೆ ಹೊಂಟೇನಿ. ಹಿಂದ ಕುಂತು ಚೀಲ ಹಿಡಿಯಾಕ ಒಬ್ಬರು ಬೇಕಾಗೇತಿ, ಬಾ” ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಚಪ್ಪಲಿ ಮೆಟ್ಟಿಕೊಂಡ.

ಗಿರಣಿಯ ಸದ್ದಿನಲ್ಲಿ ಯಾರೂ ಯಾರನ್ನೂ ಏನೂ ಕೇಳುವ ಹಾಗಿಲ್ಲ. ಹೇಗಿದ್ದೀ ಅನ್ನುವ ಪ್ರಶ್ನೆಯಿಲ್ಲ, ಚೆನ್ನಾಗಿದ್ದೇನೆ ಅನ್ನುವ ಸುಳ್ಳಿಲ್ಲ. ಪಾಳಿ ಬರುವ ತನಕ ಗೋಡೆಗೆ ಒರಗಿ ನಿಂತೆವು. ನಮ್ಮ ಜೋಳ ಬೀಸಿ, ಬಟ್ಟೆಯ ತೂಬಿನಿಂದ ಹಿಟ್ಟು ಬೀಳತೊಡಗಿದಾಗ ಅವನು ಬಗ್ಗಿ ಚೀಲದ ಬಾಯಿ ಹಿಡಿದ. ಹೊಸ ಹಿಟ್ಟು ಬಿಸಿ ಇರುತ್ತದೆ. ತುಂಬಿದ ಮೇಲೂ ಅವನು ಅಂಗೈಯನ್ನು ಅದರೊಳಗೆ ಹಾಗೇ ಇಟ್ಟುಕೊಂಡಿದ್ದ. ರೆಪ್ಪೆಯ ಮೇಲೆಲ್ಲ ಹಿಟ್ಟಿನ ಧೂಳು.

ಅವನು ಬೇಡ ಅಂದದ್ದು ನೆರವನ್ನು. ನನ್ನನ್ನು ಬೇಡ ಅಂದಿರಲಿಲ್ಲ. ಅವೆರಡನ್ನೂ ಒಂದೇ ಗಂಟಿಗೆ ಕಟ್ಟಿದವನು ನಾನು. ‘ಡಾಕ್ಟರಿಗೆ ಒಪ್ಪಿದರೆ ನಿನ್ನ ಜೊತೆ ಇರುತ್ತೇನೆ’ ಎಂಬ ಕರಾರನ್ನು ಬಾಯಿ ಬಿಟ್ಟು ಹೇಳದೆ ಅವನ ಮುಂದೆ ಇಟ್ಟಿದ್ದೆ. ಗೀತೆಯ ಮೊದಲ ಅಧ್ಯಾಯವೇ ವಿಷಾದಯೋಗ. ಎರಡನೆಯದರಲ್ಲಿ ಬರುವ ಕೃಷ್ಣನ ಮೊದಲ ಬಿರುನುಡಿ ಅರ್ಜುನನನ್ನು ಮೇಲೆಬ್ಬಿಸುವುದಿಲ್ಲ. ಯುದ್ಧ ಮಾಡೆ ಎಂದು ಅವನು ಮತ್ತೆ ಸುಮ್ಮನಾಗುತ್ತಾನೆ. ಆದರೂ ಅರ್ಜುನ, ‘ನಾನು ನಿನ್ನ ಶಿಷ್ಯ, ತಿಳಿಸಿಕೊಡು’ ಎಂದು ಬಾಯಿಬಿಟ್ಟು ಕೇಳಿದ್ದ. ನನ್ನ ಗೆಳೆಯ ಹಾಗೆ ಕೇಳಿಲ್ಲ, ಹಾಗಾಗಿ ಉಪದೇಶದ ಅಧಿಕಾರ ನನಗಿಲ್ಲ. ಅದೇ ರಥದಲ್ಲಿ ಕೂತು ಹಗ್ಗ ಹಿಡಿಯುವ ಕೆಲಸ ಇದೆಯಲ್ಲ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಒಂದು ಗಡಿಯನ್ನು ಮಾತ್ರ ಮೀರಗೊಡಬಾರದು. ಸಾಯುವ ಮಾತು ಬಂದರೆ, ಇಷ್ಟದ ಸಾಮಾನನ್ನೆಲ್ಲ ಹಂಚತೊಡಗಿದರೆ, ಆಗ ‘ಅವನ ಇಷ್ಟ’ ಎಂದು ಕೂರುವ ಹಾಗಿಲ್ಲ. ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಸಲ ಎದೆ ಹಗುರಾಗುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು, ಒಬ್ಬನನ್ನೇ ಬಿಡಬಾರದು. ಅಕ್ಟೋಬರ್ 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ನಂಬರು 14416. ಹಗಲಿರುಳೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಗೆಳೆಯನ ಪರವಾಗಿ ದಾರಿ ಕೇಳಲು ನಾವೂ ಫೋನ್ ಮಾಡಬಹುದು. ನೋಡಿಕೊಳ್ಳುವವನಿಗೂ ಒಂದು ಮಿತಿ ಇರುತ್ತದೆ. ಅವನನ್ನು ನೋಡಿಕೊಂಡು ನಾನೇ ಕುಸಿದ ಒಂದು ವಾರ, “ಈ ವಾರ ನನ್ನ ಕೈಲೂ ಆಗವಲ್ದು, ಮುಂದಿನ ವಾರ ಬರ್ತೇನಿ” ಎಂದು ಅವನಿಗೇ ಹೇಳಿದೆ. ಹೇಳದೆ ಮಾಯವಾದ ಆ ಮೂರು ತಿಂಗಳಿಗಿಂತ ಅದು ಎಷ್ಟೋ ಮೇಲು.

ಮೊನ್ನೆ ಗಿರಣಿಯಿಂದ ಬರುವಾಗ ಆ ಮಾನಸಿಕ ಆರೋಗ್ಯ ಕಾಯ್ದೆಯ ಇನ್ನೊಂದು ವಿಷಯ ಹೇಳಿದೆ. ಮುಂದೆ ಎಂದಾದರೂ ನಮಗೆ ಮಾತಾಡಲಾಗದ ಸ್ಥಿತಿ ಬಂದರೆ ನಮ್ಮ ಪರವಾಗಿ ಯಾರು ನಿಲ್ಲಬೇಕು ಎಂಬುದನ್ನು ಮೊದಲೇ ಬರೆದಿಡಬಹುದು. ಒಂದು ಬಿಳಿ ಹಾಳೆ, ಕೆಳಗೆ ನಮ್ಮ ಸಹಿ, ಅಷ್ಟೇ. “ನಾನೂ ಬರದು ಇಡಬೇಕಂತ ಮಾಡೇನಿ” ಅಂದೆ.

ಗಾಡಿಯ ಹಿಂದೆ ಚೀಲ ಅಪ್ಪಿಕೊಂಡು ಕೂತವನು ದಾರಿಯುದ್ದಕ್ಕೂ ಸುಮ್ಮನಿದ್ದ. ಮನೆಯ ಮುಂದೆ ಇಳಿಯುವಾಗ ಕೇಳಿದ: “ರಕ್ತ ಸಂಬಂಧಿಕರ ಹೆಸರ ಬರೀಬೇಕೇನು, ಇಲ್ಲಾ ನಿಂದು ಬರದ್ರೂ ನಡೀತೈತಿ?”

ನಡೀತೈತಿ ಅಂದೆ. ಅವನು ಇನ್ನೂ ಬರೆದಿಲ್ಲ, ಡಾಕ್ಟರ ಹತ್ತಿರವೂ ಹೋಗಿಲ್ಲ. ಹಿಟ್ಟು ರವಿವಾರದ ತನಕ ಸಾಲುತ್ತದೆ.