ನೋಡುವುದೂ ನೋಡಿಕೊಳ್ಳುವುದೂ

ಕಣ್ಣಿಗೆ ಮರೆಯಾದುದನ್ನು ಕಾಣಬೇಕೆಂಬ ಹಂಬಲವು ಮನುಷ್ಯನಿಗೆ ಸಹಜವಾದುದು. ವೈದ್ಯಶಾಸ್ತ್ರದಲ್ಲಿ ಆ ಹಂಬಲಕ್ಕೆ ಹೊಸ ದಾರಿ ತೆರೆದುದು 1895ನೆಯ ಇಸವಿ ನವೆಂಬರ್ 8ರಂದು. ಜರ್ಮನಿಯ ವುರ್ತ್ಸ್‌ಬುರ್ಗ್ ನಗರದಲ್ಲಿ ರಂಟ್ಗೆನ್ ಎಂಬ ಪ್ರಾಧ್ಯಾಪಕನು ಅಂದು ಹೊಸ ಬಗೆಯ ಕಿರಣವೊಂದನ್ನು ಕಂಡನು. ಕೆಲವೇ ವಾರಗಳಲ್ಲಿ ಅವನ ಪತ್ನಿಯ ಕೈಯ ಎಲುಬುಗಳೂ ಬೆರಳಿನ ಉಂಗುರವೂ ಛಾಯಾಫಲಕದ ಮೇಲೆ ಮೂಡಿದುವು. ರಂಟ್ಗೆನ್ನನು ಆ ಕಿರಣದ ಮೇಲೆ ಯಾವ ಸ್ವಾಮ್ಯವನ್ನೂ ಪಡೆಯದೆ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟನು. ಶಸ್ತ್ರವಿಲ್ಲದೆ ದೇಹದ ಒಳಗನ್ನು ನೋಡುವ ಶಕ್ತಿಯು ಹೀಗೆ ವೈದ್ಯನ ಕೈಗೆ ಬಂದಿತು. ಆದರೆ ಹಾಗೆ ನೋಡಿದವನು ರೋಗಿಗೆ ಸಲ್ಲಿಸತಕ್ಕದ್ದೇನು ಎಂಬ ಪ್ರಶ್ನೆಗೆ ಯಂತ್ರವು ಉತ್ತರ ಹೇಳಲಾರದು.

ಈ ಪ್ರಶ್ನೆಗೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾದುದಿಲ್ಲ. ಶಿವಮೊಗ್ಗ ಜಿಲ್ಲೆಯ ಎರಡು ಸ್ಥಳಗಳ ಹೆಸರುಗಳು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿವೆ. ಒಂದು, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. 1957ರಲ್ಲಿ ಆ ಪ್ರಾಂತದಲ್ಲಿ ಮಂಗಗಳು ಸತ್ತುವು, ಜನರು ಜ್ವರಕ್ಕೆ ತುತ್ತಾದರು. ಕಾಡಿನ ಹೆಸರೇ ಆ ಜ್ವರಕ್ಕೆ ನಿಂತಿತು. ಇನ್ನೊಂದು, ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡು. ಮಂಗನ ಕಾಯಿಲೆಯ ಮೂಲವು ವೈರಾಣುವೆಂಬುದನ್ನು ಪ್ರಯೋಗಶಾಲೆಯು ಕಂಡುಹಿಡಿಯಿತು. ಹಂದಿಗೋಡಿನ ಬೇನೆಯ ಸ್ವರೂಪವನ್ನು ಬಿಡಿಸಿ ತೋರಿಸಿದುದು ಬಹುಮಟ್ಟಿಗೆ ಎಕ್ಸ್‌ರೇ ಚಿತ್ರವೇ.

1970ರ ದಶಕದ ನಡುಭಾಗದಲ್ಲಿ ಆ ಊರಿನ ಕೆಲವು ಮನೆಗಳ ಬೇನೆಯು ವೈದ್ಯರ ಗಮನಕ್ಕೆ ಬಂದಿತು. ಸೊಂಟದ ಕೀಲೂ ಮಂಡಿಯೂ ನೋಯುವುವು, ನಡಿಗೆ ಕುಂಟುವುದು, ಬರಬರುತ್ತ ಕೆಲವರಿಗೆ ಕೋಲೇ ಗತಿಯಾಗುವುದು, ಇನ್ನು ಕೆಲವರ ದೇಹವು ಬೆಳೆಯದೆ ಕುಳ್ಳಾಗಿಯೇ ಉಳಿಯುವುದು. ಪೀಡಿತರಲ್ಲಿ ಬಹುಮಂದಿ ಗದ್ದೆಯ ಕೂಲಿಯನ್ನೇ ನಂಬಿದ ಬಡ ದಲಿತ ಕುಟುಂಬಗಳವರು. ಪೈರಿಗೆ ಹೊಡೆದ ಕೀಟನಾಶಕವು ಗದ್ದೆಯ ಏಡಿಗಳಲ್ಲಿ ಸೇರಿ, ಅವನ್ನು ತಿಂದವರಿಗೆ ಈ ಬೇನೆ ತಗಲಿತೆಂಬ ಶಂಕೆಯೂ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು ಇದನ್ನು ಪರೀಕ್ಷಿಸಿ, 1977ರಲ್ಲಿ ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು.

ಹೊರಗಿನಿಂದ ನೋಡುವವರಿಗೆ ಇದು ಮುಪ್ಪಿನ ಕೀಲುನೋವಿನಂತೆಯೇ ತೋರಬಹುದು. ಭೇದವು ಕಂಡುದು ಚಿತ್ರದಲ್ಲಿ. ಗುಂಡಗಿರಬೇಕಾದ ತೊಡೆಯೆಲುಬಿನ ತಲೆಯು ಚಪ್ಪಟೆಯಾಗಿತ್ತು, ಕೀಲು ಸವೆದಿತ್ತು, ಕೆಲವರಲ್ಲಿ ಬೆನ್ನೆಲುಬಿನ ಮಣಿಗಳೂ ತಗ್ಗಿದ್ದುವು. 1994ರಲ್ಲಿ ಪ್ರಕಟವಾದ ಎಕ್ಸ್‌ರೇ ಅಧ್ಯಯನವೊಂದು ರೋಗಿಗಳನ್ನು ಮೂರು ಬಗೆಯಾಗಿ ವಿಂಗಡಿಸಿತು: ಮುಖ್ಯವಾಗಿ ಸೊಂಟದ ಕೀಲು ಸವೆದವರು, ಬೆನ್ನೆಲುಬಿನಲ್ಲಿಯೂ ದೋಷವುಳ್ಳವರು, ಕುಬ್ಜರಾದವರು. ಎಲುಬು ಬೆಳೆಯುವ ಭಾಗದಲ್ಲಿಯೇ ಕೊರತೆಯಿದೆ, ಅದು ವಂಶದಲ್ಲಿ ಇಳಿದು ಬರುವುದು ಎಂಬುದು ಅದರ ನಿರ್ಣಯ. ತಂದೆ ಅಥವಾ ತಾಯಿ ಒಬ್ಬರಿಗಿದ್ದರೂ ಹುಟ್ಟುವ ಪ್ರತಿಯೊಂದು ಮಗುವಿಗೂ ಅರ್ಧದಷ್ಟು ಸಂಭವವುಂಟೆಂಬುದು ಈ ಬಗೆಯ ಆನುವಂಶಿಕತೆಯ ನಿಯಮ.

ಈ ಜ್ಞಾನವು ಒಂದು ಭಾರವನ್ನು ಇಳಿಸಿತು. ಬಡವನ ತುತ್ತಿನ ಮೇಲಿದ್ದ ಅಪವಾದವು ಸಡಿಲವಾಯಿತು. ರೋಗಕ್ಕೆ ಶಾಪವೋ ಪಾಪವೋ ಕಾರಣವೆನ್ನುವ ಮಾತಿಗೆ ಆಧಾರ ತಪ್ಪಿತು. ಆದರೆ ಅದೇ ಜ್ಞಾನವು ಇನ್ನೊಂದು ಭಾರವನ್ನು ಹೊರಿಸಿತು. ಆಹಾರದ ದೋಷವಾದರೆ ಆಹಾರವನ್ನು ಬಿಡಬಹುದು, ಹುಟ್ಟನ್ನು ಬಿಡುವುದೆಲ್ಲಿ? ನೋವಿನ್ನೂ ತಲೆದೋರದ ಬಾಲಕನ ಎಲುಬಿನಲ್ಲಿ ಮುಂದಿನ ಕುಂಟುನಡಿಗೆಯ ಗುರುತು ಕಂಡರೆ, ಅದನ್ನು ಅವನಿಗೆ ಹೇಳಬೇಕೆ? ಮದುವೆಯ ಮಾತು ಬಂದಾಗ ಆ ಚಿತ್ರವು ಯಾರ ಸೊತ್ತು?

ಬೇರನ್ನು ಕೀಳುವ ಮದ್ದಿಲ್ಲದ ರೋಗವನ್ನು ಕಂಡು ಫಲವೇನು ಎಂದು ಕೆಲವರು ಕೇಳಬಹುದು. ಈ ಆಕ್ಷೇಪವು ಹಗುರವಾದುದಲ್ಲ. ತಿಳಿಯದಿದ್ದಾಗ ಇದ್ದ ನೆಮ್ಮದಿಯನ್ನು ಕೆಡಿಸಿ ಬರಿಯ ಹೆಸರನ್ನು ಕೈಯಲ್ಲಿಡುವುದು ಉಪಕಾರವೆನಿಸದು. ಆದರೂ ಅಜ್ಞಾನವು ನೆಮ್ಮದಿಯೆಂಬುದು ದೂರದಲ್ಲಿ ನಿಂತವನ ಮಾತು. ಕಾರಣ ತಿಳಿಯದ ಮನೆಯು ಒಂದು ಮದ್ದಿನಿಂದ ಇನ್ನೊಂದಕ್ಕೆ, ಒಂದು ಹರಕೆಯಿಂದ ಇನ್ನೊಂದಕ್ಕೆ ಅಲೆದು ಇದ್ದುದನ್ನೂ ಕಳೆದುಕೊಳ್ಳುವುದು. ಮೂಲವು ಗುಣವಾಗದಿದ್ದರೂ ನೋವನ್ನು ತಗ್ಗಿಸಬಹುದು. ಸವೆದ ಸೊಂಟದ ಕೀಲಿಗೆ ಬದಲಾಗಿ ಕೃತಕ ಕೀಲನ್ನು ಜೋಡಿಸುವ ಶಸ್ತ್ರಚಿಕಿತ್ಸೆಯೂ ಉಂಟು. ನಾಟಿಯ ಕೆಸರಿನಲ್ಲಿ ಬಗ್ಗಲಾರದವನಿಗೆ ಕುಳಿತು ಮಾಡುವ ಕಸುಬನ್ನು ಕಲಿಸಬಹುದು. ಇವುಗಳಿಗೆಲ್ಲ ಮೊದಲು ರೋಗವು ಇಂತಹುದೆಂಬ ನಿಶ್ಚಯ ಬೇಕು.

ಆದುದರಿಂದ ದೋಷವಿರುವುದು ಕಾಣುವುದರಲ್ಲಿ ಅಲ್ಲ, ಕಂಡು ಹೊರಟುಹೋಗುವುದರಲ್ಲಿ. ವಿದ್ವಾಂಸನಿಗೆ ಅಪೂರ್ವ ರೋಗವೆಂದರೆ ಅಪೂರ್ವ ವಿಷಯ. ಲೇಖನವು ಅಚ್ಚಾದೊಡನೆ ಅವನ ಕುತೂಹಲವು ತಣಿಯುವುದು. ರೋಗಿಗಾದರೋ ಅದು ಅಪೂರ್ವವಲ್ಲ, ನಿತ್ಯದ್ದು. ರೋಗಿಗಳು ಕೆಲವೇ ಮಂದಿ ಎಂಬ ಕಾರಣದಿಂದ ಔಷಧದ ವ್ಯಾಪಾರಿಯು ಹಿಂದೆಗೆದರೆ, ಅಷ್ಟಕ್ಕೆ ಸಮಾಜದ ಋಣವು ಕಡಮೆಯಾಗುವುದಿಲ್ಲ. ಕೇಳುವ ದನಿಗಳು ಕೆಲವೇ ಆದುದರಿಂದ ಕಿವಿಗೊಡುವ ಹೊಣೆಯು ಹೆಚ್ಚುವುದು. ತನ್ನ ಎಲುಬಿನ ಚಿತ್ರವನ್ನು ಲೋಕದ ವಿದ್ಯೆಗಾಗಿ ಕೊಟ್ಟ ಕೂಲಿಕಾರನು ದಾನಿಯ ಸ್ಥಾನದಲ್ಲಿರುವನು. ಚಿತ್ರದಲ್ಲಿ ಕಂಡುದನ್ನು ಅವನ ಮಾತಿನಲ್ಲಿ ಅವನಿಗೆ ತಿಳಿಸುವುದು, ಅವನ ಒಪ್ಪಿಗೆಯಿಲ್ಲದೆ ಅದನ್ನು ಊರಿಗೆ ಸಾರದಿರುವುದು, ಗುಣವಾಗದೆಂದು ತಿಳಿದ ಮೇಲೆಯೂ ಅವನ ಬಾಗಿಲಿಗೆ ಮತ್ತೆ ಹೋಗುವುದು: ಇವು ದಯೆಯ ಕಾರ್ಯಗಳಲ್ಲ, ಸಾಲದ ತೀರುವಳಿ.

ಚಿತ್ರಕ್ಕೆ ಇನ್ನೊಂದು ಮಿತಿಯುಂಟು. ಅದು ಎಲುಬು ಸವೆದುದನ್ನು ತೋರುವುದು. ಸವೆದ ಎಲುಬಿನಿಂದಲೇ ಎಷ್ಟು ಮಳೆಗಾಲ ನಾಟಿ ನಡೆಯಿತು, ಮನೆಯ ಅನ್ನ ಬೆಂದಿತು ಎಂಬುದನ್ನು ತೋರದು. ಅದನ್ನು ಅರಿಯಲು ರೋಗಿಯ ಬಳಿ ಕುಳಿತು ಕೇಳಬೇಕು. ಕನ್ನಡದಲ್ಲಿ ‘ನೋಡು’ ಎಂಬ ಧಾತುವಿಗೆ ‘ಕೊಳ್ಳು’ ಸೇರಿದರೆ ‘ನೋಡಿಕೊಳ್ಳು’ ಎಂದಾಗುವುದು, ನೋಟವು ಆರೈಕೆಯಾಗುವುದು. ಯಂತ್ರಗಳು ಮೊದಲನೆಯದನ್ನು ದಿನದಿನಕ್ಕೂ ಸುಲಭಮಾಡುತ್ತಿವೆ. ಎರಡನೆಯದು ಇಂದಿಗೂ ಮನುಷ್ಯನ ಪಾಲಿನ ಕೆಲಸವಾಗಿಯೇ ಉಳಿದಿದೆ.